ದೂರು ಬಾರದ ಕರ್ನಲ್

"ಗುರುಗಳೇ, ನನ್ನ ಬದಲಾವಣೆಯನ್ನು ಏಕೆ ತಡೆದಿದ್ದೀರಿ?" ಎಂದು ಶಿಷ್ಯ ಕೇಳಿದ.

ಗುರು ಒಂದು ಲಿನಕ್ಸ್ ವಿತರಣೆಯ ಕರ್ನಲ್ ಬಳಗಕ್ಕೆ ಹಿರಿಯರು. ಲಿನಕ್ಸ್ ಎಂಬ ತಂತ್ರಾಂಶವನ್ನು ಹದಗೊಳಿಸಿ, ಜನರ ಕಂಪ್ಯೂಟರುಗಳಿಗೆ ಒಗ್ಗುವಂತೆ ಕಟ್ಟಿ, ಉಚಿತವಾಗಿ ಹಂಚುವ ಬಳಗ ಅದು. ಕರ್ನಲ್ ಎಂದರೆ ಆ ತಂತ್ರಾಂಶದ ತಿರುಳು. ಕೀಲಿ ಒತ್ತಿದ್ದು, ಪರದೆ ಬೆಳಗಿದ್ದು, ಸದ್ದು ಹೊರಟದ್ದು ಎಲ್ಲವೂ ಅದರ ಕೈ ದಾಟಿಯೇ ಬರಬೇಕು. ಅದರಲ್ಲಿ ಒಂದು ಸಾಲು ತಿದ್ದಿದರೆ ಅದು ಎಲ್ಲಿಗೆ ಹೋಗಿ ತಟ್ಟುತ್ತದೆಂದು ತಿದ್ದಿದವನಿಗೇ ಪೂರ್ತಿ ತಿಳಿಯದು.

ಆದ್ದರಿಂದ ಬಳಗದಲ್ಲಿ ಒಂದು ಪದ್ಧತಿಯಿದೆ. ಹೊಸ ಬದಲಾವಣೆ ಮೊದಲು ಪ್ರಯೋಗದ ಶಾಖೆಗೆ ಹೋಗುತ್ತದೆ. ಇಷ್ಟವಿದ್ದವರು ಅದನ್ನು ತಮ್ಮ ಯಂತ್ರಕ್ಕೆ ಹಾಕಿಕೊಂಡು ನೋಡುತ್ತಾರೆ. ಗೊತ್ತು ಮಾಡಿದ ಅವಧಿಯೊಳಗೆ ದೂರು ಬಂದರೆ ಬದಲಾವಣೆ ಅಲ್ಲೇ ನಿಲ್ಲುತ್ತದೆ. ಬಾರದಿದ್ದರೆ ಹಿರಿಯರು ಒಪ್ಪಿಗೆ ಹಾಕುತ್ತಾರೆ. ಆಗ ಅದು ಮುಖ್ಯ ಶಾಖೆಗೆ ಇಳಿದು, ಅಲ್ಲಿಂದ ಎಲ್ಲರ ಮನೆಗೂ ಹೋಗುತ್ತದೆ.

ಶಿಷ್ಯನ ಬದಲಾವಣೆಯ ಅವಧಿ ಮುಗಿದಿತ್ತು. ಹೊಸ ಆವೃತ್ತಿ ಹೊರಡುವ ದಿನ ಹತ್ತಿರವಾಗಿತ್ತು. ಗುರು ಮಾತ್ರ ಒಪ್ಪಿಗೆ ಹಾಕಿರಲಿಲ್ಲ. ಈ ಸಲ ತಪ್ಪಿದರೆ ಬದಲಾವಣೆ ಮುಂದಿನ ಆವೃತ್ತಿಯವರೆಗೆ ಮೂಲೆಯಲ್ಲಿ ಕೂರಬೇಕು. ಶಿಷ್ಯನಿಗೆ ಸಿಟ್ಟೂ ಬಂದಿತ್ತು, ಬೇಸರವೂ ಆಗಿತ್ತು.

"ನನ್ನ ಬದಲಾವಣೆಯಿಂದ ಯಂತ್ರ ಮೊದಲಿಗಿಂತ ಬೇಗ ಶುರುವಾಗುತ್ತದೆ. ಪ್ರಯೋಗದ ಶಾಖೆಯವರೆಲ್ಲ ಮೆಚ್ಚಿಕೊಂಡಿದ್ದಾರೆ. ನಾನು ಅವಧಿ ಪೂರ್ತಿ ಕಾದಿದ್ದೇನೆ. ಒಂದೇ ಒಂದು ದೂರು ಬಂದಿಲ್ಲ. ಇನ್ನೇನು ಬೇಕು?"

ಗುರು ನಕ್ಕರು. "ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಹೆಗ್ಗಣ ನೋಡಲು ಚೆನ್ನಾಗಿಯೇ ಇದೆ, ಇಲ್ಲ ಎನ್ನುವುದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಶಿಷ್ಯ ಕೂತ. ಗುರು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾಲಕನಿದ್ದ. ನಮ್ಮಂಥದೇ ಇನ್ನೊಂದು ವಿತರಣೆಯ ಕರ್ನಲನ್ನು ನೋಡಿಕೊಳ್ಳುವವನು. ಸೋಮಾರಿಯಲ್ಲ, ಜಂಭಗಾರನೂ ಅಲ್ಲ, ಕೆಲಸ ಬಲ್ಲವನು. ಕತೆಯಲ್ಲಿ ತಪ್ಪು ಮಾಡುವವನು ದಡ್ಡನಾಗಿದ್ದರೆ ಕೇಳುವವನಿಗೆ ಬಹಳ ಹಿತವಾಗಿರುತ್ತದೆ. ಆ ಹಿತ ಇವತ್ತು ನಿನಗೆ ಸಿಗುವುದಿಲ್ಲ.

ಅವನ ಮನೆಯಿಂದ ಕೂಗಳತೆಯಲ್ಲಿ ಒಬ್ಬ ಹೆಂಗಸು ಇದ್ದಳು. ವಯಸ್ಸಾದವಳು, ಒಂಟಿ. ಹುಟ್ಟಿನಿಂದ ಆಕೆಗೆ ಕಣ್ಣು ಕಾಣದು. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ಆಕೆಯ ಕಸುಬು. ಕಣ್ಣಿಲ್ಲದೆ ಹೇಗೆ ಎನ್ನಬೇಡ. ಕಂಪ್ಯೂಟರ್ ಪುಟವನ್ನು ಓದಿ ಹೇಳುತ್ತಿತ್ತು, ಆಕೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. ಅನುಮಾನ ಬಂದಲ್ಲಿ ನಿಲ್ಲಿಸಿ, ಆ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳಿಸುತ್ತಿದ್ದಳು. ಕೀಲಿ ಒತ್ತಿದರೆ ಒತ್ತಿದ ಅಕ್ಷರವನ್ನೂ ಅದು ಹೇಳುತ್ತಿತ್ತು. ಒಂದು ಒತ್ತು ಬಿಟ್ಟುಹೋಗಿದ್ದರೂ ಆಕೆಯ ಕಿವಿ ಹಿಡಿಯುತ್ತಿತ್ತು. ಆಯಮ್ಮ ತಿದ್ದಿದ ಪುಸ್ತಕದಲ್ಲಿ ತಪ್ಪು ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ಎಂದು ಪ್ರಕಾಶಕರು ಹೇಳುತ್ತಿದ್ದರು. ಆ ಮಾತು ಕೇಳಿದಾಗ ಆಕೆಗೆ ಹೆಮ್ಮೆಯಾಗುತ್ತಿತ್ತು. ಯಾಕಾಗಬಾರದು?

ಆ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ಈ ಪಾಲಕನೇ. ಹೊಸ ಆವೃತ್ತಿ ಬಂದಾಗಲೆಲ್ಲ ಆಕೆ ಪರದಾಡುವುದು ಬೇಡ ಎಂದು, ಯಂತ್ರ ತಾನಾಗಿಯೇ ಅದನ್ನು ತರಿಸಿ ಹಾಕಿಕೊಳ್ಳುವಂತೆ ಹೊಂದಿಸಿ ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ.

ಹೀಗಿರುವಾಗ ಪಾಲಕನ ತಲೆಯಲ್ಲಿ ಒಂದು ಯೋಚನೆ ಹುಟ್ಟಿತು. ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಜನ ಗೊಣಗುತ್ತಿದ್ದರು. ಕಂಪ್ಯೂಟರಿನೊಳಗೆ ಸದ್ದು ಹೊರಡಿಸಲು ಒಂದು ಚಿಪ್ ಇರುತ್ತದೆ. ಸದ್ದಿಲ್ಲದಾಗಲೂ ಅದು ಎಚ್ಚರವಾಗಿದ್ದು ವಿದ್ಯುತ್ ತಿನ್ನುತ್ತದೆ. ಕೆಲಸವಿಲ್ಲದಾಗ ಮಲಗಲಿ, ಕೆಲಸ ಬಂದಾಗ ಏಳಲಿ ಎಂದುಕೊಂಡು ಪಾಲಕ ಕರ್ನಲಿನಲ್ಲಿ ಕೆಲವು ಸಾಲು ತಿದ್ದಿದ. ಅಲ್ಲಿಂದ ಮುಂದೆ ಸದ್ದು ನಿಂತ ಕೂಡಲೇ ಚಿಪ್ ಮಲಗತೊಡಗಿತು. ಬ್ಯಾಟರಿ ಮೊದಲಿಗಿಂತ ಹೆಚ್ಚು ಹೊತ್ತು ಬಂತು.

ಮಲಗಿದ್ದನ್ನು ಎಬ್ಬಿಸಲು ಒಂದು ಕ್ಷಣ ಬೇಕು. ಆ ಕ್ಷಣದಲ್ಲಿ ಹೊರಟ ಸದ್ದು ಕಿವಿಗೆ ಬರುವುದಿಲ್ಲ. ಪಾಲಕ ಹಾಡು ಹಾಕಿ ನೋಡಿದ. ಹಾಡಿನ ತುದಿ ಅಷ್ಟು ಹೋದರೆ ಯಾರಿಗೆ ಗೊತ್ತಾಗುತ್ತದೆ? ಭಾಷಣ ಹಾಕಿ ನೋಡಿದ. ಭಾಷಣದ ಮೊದಲ ಅಕ್ಷರ ಹೋದರೆ ಯಾರಿಗೆ ನಷ್ಟ? ತನ್ನ ಯಂತ್ರದಲ್ಲಿ ನೋಡಿದ, ಗೆಳೆಯರ ಯಂತ್ರಗಳಲ್ಲೂ ನೋಡಿದ. ಎಲ್ಲ ಸರಿಯಿತ್ತು.

ಬದಲಾವಣೆ ಪ್ರಯೋಗದ ಶಾಖೆಗೆ ಹೋಯಿತು. ಅವಧಿ ಮುಗಿಯಿತು. ಬಳಗ ಸಭೆ ಸೇರಿತು.

"ದೂರು ಏನಾದರೂ ಬಂತೇ?" ಎಂದು ಹಿರಿಯರು ಕೇಳಿದರು.

"ಒಂದೂ ಇಲ್ಲ" ಎಂದ ಪಾಲಕ.

"ಮೌನಂ ಸಮ್ಮತಿ ಲಕ್ಷಣಂ" ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನುತ್ತ ಹೇಳುವ ಮಾತು ಅದು. ಅಲ್ಲಿಯೂ ಅದು ಎಷ್ಟು ನಿಜವೋ, ತಲೆ ತಗ್ಗಿಸಿ ಕೂತ ಆ ಹುಡುಗಿಗೇ ಗೊತ್ತು. ಅಂತೂ ಹಿರಿಯರು ಒಪ್ಪಿಗೆ ಹಾಕಿದರು.

ಹೊಸ ಕರ್ನಲ್ ಊರೂರಿಗೆ ಹೋಯಿತು. ಆ ಹೆಂಗಸಿನ ಮನೆಗೂ ಹೋಯಿತು. ಬಂದದ್ದು ಆಕೆಗೆ ತಿಳಿಯಲೇ ಇಲ್ಲ. ಆಕೆಯನ್ನು ಏನೂ ಕೇಳದೆ ಬರಲಿ ಎಂದೇ ಅಲ್ಲವೇ ಹೊಂದಿಸಿದ್ದು.

ಮರುದಿನ ಬೆಳಿಗ್ಗೆ ಆಕೆ ಕರಡು ತೆರೆದು ಕೂತಳು. ಕಂಪ್ಯೂಟರ್ ಓದುತ್ತಿತ್ತು. ಆದರೆ ನಿಲ್ಲಿಸಿ ಮತ್ತೆ ಓದಿಸಿದಾಗಲೆಲ್ಲ ಸಾಲಿನ ಮೊದಲು ಹಾರಿಹೋಗುತ್ತಿತ್ತು. ಒಂದು ಪದದಲ್ಲಿ ಅನುಮಾನ ಬಂದು ಅಕ್ಷರ ಹೇಳಿಸಿದಳು. ಏನೂ ಕೇಳಿಸಲಿಲ್ಲ. ಮತ್ತೆ ಹೇಳಿಸಿದಳು. ಕೇಳಿಸಲಿಲ್ಲ. ಒಂದು ಅಕ್ಷರದ ಸದ್ದು ಎಷ್ಟು ಹೊತ್ತಿನದು? ಚಿಪ್ ಎದ್ದು ಕೂರುವಷ್ಟರಲ್ಲಿ ಅದು ಮುಗಿದುಹೋಗುತ್ತಿತ್ತು.

ಇದು ನಿನಗೆ ಗೊತ್ತು. ಆಕೆಗೆ ಗೊತ್ತಿರಲಿಲ್ಲ. ಯಂತ್ರದಲ್ಲಿ ಆಕೆ ಏನನ್ನೂ ಬದಲಾಯಿಸಿರಲಿಲ್ಲ. ಹಾಡು ಹಾಕಿದರೆ ಕೇಳಿಸುತ್ತದೆ, ವಾರ್ತೆ ಕೇಳಿಸುತ್ತದೆ, ಚಿಕ್ಕ ಸದ್ದು ಮಾತ್ರ ಇಲ್ಲ. ಹಾಗಾದರೆ ಕೆಟ್ಟದ್ದು ಯಾವುದು? ಆಕೆಯ ತಾಯಿಗೂ ಇದೇ ವಯಸ್ಸಿನಲ್ಲಿ ಕಿವಿ ಮಂದವಾಗಿತ್ತು. ಮೊದಲು ಸಣ್ಣ ಸದ್ದು ಹೋಗಿ, ಆಮೇಲೆ ಜನರ ಮಾತೂ ಹೋಗಿತ್ತು. ತನಗೂ ಅದೇ ಶುರುವಾಯಿತು ಎಂದುಕೊಂಡಳು.

ವೈದ್ಯರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ಕಣ್ಣಿಲ್ಲದವರಿಗೆ ಕಿವಿಯೇ ಎಲ್ಲ. ಹೋದರೆ ನಿಜ ತಿಳಿದುಬಿಡುತ್ತದಲ್ಲ ಎಂದು ಹೆದರಿದಳು. ಒಮ್ಮೆ ಹೆದರಿಕೆ ಹೊಕ್ಕರೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿ ಹೇಳುತ್ತದೆ. ಹಾಲಿನವನು ಕರೆದದ್ದು ಒಂದು ದಿನ ಕೇಳಿಸದಿದ್ದರೆ, ಕಿವಿ ಹೋಯಿತು. ಪಕ್ಕದ ಮನೆಯವಳು ಮೆಲ್ಲಗೆ ಮಾತಾಡಿದರೆ, ಕಿವಿ ಹೋಯಿತು. ಹೀಗೆ ದಿನೇ ದಿನೇ ಆಕೆ ತನ್ನನ್ನು ತಾನೇ ಕಿವುಡಿ ಮಾಡಿಕೊಂಡಳು.

ಆಕೆ ತಿದ್ದಿದ ಪುಟಗಳಲ್ಲಿ ತಪ್ಪು ಉಳಿಯತೊಡಗಿತು. ಪ್ರಕಾಶಕ ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಯಾಕಮ್ಮ, ಈಚೆಗೆ ಆಯಾಸವೇ?" ಎಂದ. ಬೈದಿದ್ದರೆ ಆಕೆ ಎದುರು ಮಾತಾಡುತ್ತಿದ್ದಳೋ ಏನೋ. ಆ ಮರುಕವನ್ನು ತಡೆಯಲು ಆಗಲಿಲ್ಲ. ಆಗ ಆಕೆಯ ಕೈಯಲ್ಲಿ ಮಕ್ಕಳ ನಿಘಂಟೊಂದರ ಕೆಲಸವಿತ್ತು. ಅಂಥದೊಂದು ಪುಸ್ತಕ ತನ್ನ ಕೈಯಿಂದ ಹೋಗಬೇಕೆಂದು ಬಹಳ ವರ್ಷಗಳಿಂದ ಆಸೆಪಟ್ಟಿದ್ದಳು. ಅದನ್ನು ಹಿಂದಿರುಗಿಸಿ, "ಕಿವಿ ಕೈಕೊಟ್ಟಿತು, ಇನ್ನು ನನ್ನಿಂದ ಆಗದು" ಎಂದುಬಿಟ್ಟಳು.

ಬೇರೆ ಊರಿನಲ್ಲಿ ಆಕೆಗೊಬ್ಬ ತಂಗಿಯಿದ್ದಳು. ಸಂಜೆಯಾದರೆ ಅಕ್ಕನಿಗೆ ಫೋನ್ ಮಾಡುವವಳು. ಅಕ್ಕತಂಗಿಯರ ಮಾತು ಅಡಿಗೆಯಿಂದ ಶುರುವಾಗಿ ಅಡಿಗೆಯಲ್ಲೇ ಮುಗಿಯುತ್ತಿತ್ತು, ಆದರೂ ಅದಿಲ್ಲದೆ ಇಬ್ಬರಿಗೂ ದಿನ ಮುಗಿಯುತ್ತಿರಲಿಲ್ಲ. ಒಂದು ಕೇಳಿದರೆ ಇನ್ನೊಂದು ಉತ್ತರ ಕೊಟ್ಟು ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಅಕ್ಕ ಫೋನ್ ಎತ್ತುವುದನ್ನು ಕಡಿಮೆ ಮಾಡಿದಳು. ತಂಗಿ ಬಿಡದೆ ಮಾಡಿದಾಗ, "ನಿನಗೆ ಬೇರೆ ಕೆಲಸವಿಲ್ಲ, ನನಗಿದೆ. ಹೀಗೆ ದಿನಾ ತಲೆ ತಿನ್ನಬೇಡ" ಎಂದು ಗದರಿಸಿದಳು. ತಂಗಿ ಮುನಿಸಿಕೊಂಡು ಸುಮ್ಮನಾದಳು.

ಇತ್ತ ಪಾಲಕನಿಗೆ ಹೊಗಳಿಕೆ ಬರುತ್ತಿತ್ತು. ಬ್ಯಾಟರಿ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಜನ ಸಂತೋಷಪಟ್ಟರು. ದೂರು ಆಗಲೂ ಇರಲಿಲ್ಲ. ಅವನು ದಿನವೂ ಆಕೆಯ ಮನೆಯ ಮುಂದೆಯೇ ಓಡಾಡುತ್ತಿದ್ದ.

ಒಂದು ದಿನ ಆಕೆಯ ಕಿವಿಯ ಸುದ್ದಿ ಅವನನ್ನು ಮುಟ್ಟಿತು. ಪಾಪ ಎನ್ನಿಸಿತು. ಮೊದಲೇ ಕಣ್ಣಿಲ್ಲ, ಈಗ ಕಿವಿಯೂ ಇಲ್ಲವೇ ಎಂದು ಮರುಗಿದ. ಬಾಳೆಹಣ್ಣು ತೆಗೆದುಕೊಂಡು ನೋಡಿ ಬರಲು ಹೋದ. ಕಿವುಡರ ಮನೆ ಎಂದುಕೊಂಡು ಬಾಗಿಲಲ್ಲೇ ನಿಂತು, "ಅಮ್ಮಾ, ಹೇಗಿದ್ದೀರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಯಾಕಪ್ಪಾ ಹಂಗೆ ಕೂಗ್ತೀಯಾ? ನಾನಿನ್ನೂ ಪೂರ್ತಿ ಕಿವುಡಿ ಆಗಿಲ್ಲ. ಬಾ, ಒಳಗೆ ಬಾ" ಎಂದಳು ಆಕೆ. ಅವನು ಕೂತ ಮೇಲೆ, "ನೀನೇ ಬಂದಿದ್ದು ಒಳ್ಳೇದಾಯ್ತು. ಈ ಕಂಪ್ಯೂಟರ್ ತಗೊಂಡು ಹೋಗಿ ಕಿವಿ ಚೆನ್ನಾಗಿರೋರು ಯಾರಿಗಾದ್ರೂ ಕೊಟ್ಬಿಡು. ನಂಗಿನ್ನು ಯಾಕೆ?" ಎಂದಳು.

ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇರೆಯವರಿಗೆ ಕೊಡುವ ಮೊದಲು ಎಲ್ಲ ಸರಿಯಿದೆಯೇ ನೋಡೋಣ ಎಂದು ಯಂತ್ರ ಶುರು ಮಾಡಿದ. ಹೆಡ್‌ಫೋನ್ ಹಾಕಿಕೊಂಡು ಒಂದು ಅಕ್ಷರ ಒತ್ತಿದ. ಸದ್ದಿಲ್ಲ. ಇನ್ನೊಂದು ಒತ್ತಿದ. ಸದ್ದಿಲ್ಲ. ಹೆಡ್‌ಫೋನ್ ಕೆಟ್ಟಿರಬೇಕು ಎಂದು ಒಂದು ಹಾಡು ಹಾಕಿದ. ಹಾಡು ಸೊಗಸಾಗಿ ಕೇಳಿಸಿತು. ನಿಲ್ಲಿಸಿ ಮತ್ತೆ ಅಕ್ಷರ ಒತ್ತಿದ. ಸದ್ದಿಲ್ಲ. ಆಗ ಅವನಿಗೆ ತನ್ನ ಬದಲಾವಣೆ ನೆನಪಾಯಿತು. ಹೆಡ್‌ಫೋನ್ ತೆಗೆದಿಟ್ಟ.

"ಏನಾಯ್ತಪ್ಪಾ?" ಎಂದಳು ಆಕೆ.

"ಅಮ್ಮ, ಅಕ್ಷರ ಒತ್ತಿದ್ರೆ ಏನೂ ಕೇಳಿಸ್ತಾ ಇಲ್ಲ."

ಆಕೆ ಅವನ ಕಡೆಗೆ ತಿರುಗಿ ಕೂತಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ನಿಂಗೂ ಕೇಳಿಸ್ತಿಲ್ವಾ?"

ಆ ಬಳಗದವರು ಹಳೆಯ ಕರ್ನಲನ್ನು ಕೂಡಲೇ ಅಳಿಸುವುದಿಲ್ಲ. ಹೊಸದರ ಪಕ್ಕದಲ್ಲೇ ಇಟ್ಟಿರುತ್ತಾರೆ. ಯಂತ್ರ ಶುರುವಾಗುವಾಗ ಪರದೆಯ ಮೇಲೆ ಎರಡರ ಹೆಸರೂ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಪರದೆ ಕಾಣುವವರು ಆರಿಸಿಕೊಳ್ಳಬಹುದು. ಪಾಲಕ ಯಂತ್ರವನ್ನು ಮತ್ತೆ ಶುರು ಮಾಡಿ ಹಳೆಯದನ್ನು ಆರಿಸಿ, ಹೆಡ್‌ಫೋನನ್ನು ಆಕೆಯ ಕೈಗೆ ಕೊಟ್ಟ. ಆಕೆ ಒಂದು ಅಕ್ಷರ ಒತ್ತಿದಳು. ಕೇಳಿಸಿತು. ಅಲ್ಲಿಂದ ವರ್ಣಮಾಲೆಯನ್ನೆಲ್ಲ ಒತ್ತುತ್ತ ಹೋದಳು, ಹೊಸದಾಗಿ ಶಾಲೆಗೆ ಸೇರಿದ ಮಗುವಿನಂತೆ. ಒಂದು ಅಕ್ಷರವೂ ತಪ್ಪಲಿಲ್ಲ. ಆಕೆಗೆ ಅಳು ಬಂತು. ಅಷ್ಟು ದಿನ ಹೊತ್ತ ಭಯ ಆ ಅಳುವಿನಲ್ಲಿ ಹೋಯಿತು. ಅವನಿಗೆ ನಾಚಿಕೆಯಾಯಿತು.

ನಾಚಿಕೆಯಾದಾಗ ಮನುಷ್ಯ ತಪ್ಪಿನಲ್ಲಿ ಒಂದು ಪಾಲನ್ನು ಎದುರಿಗಿದ್ದವರಿಗೂ ಕೊಡಲು ನೋಡುತ್ತಾನೆ. ಅವನೂ ನೋಡಿದ.

"ಒಂದು ದೂರು ಕೊಟ್ಟಿದ್ರೆ ಅವತ್ತೇ ಸರಿ ಮಾಡ್ತಿದ್ನಲ್ಲಮ್ಮ. ಇಲ್ಲೇ ಇದ್ನಲ್ಲ ನಾನು."

"ಏನಂತ ಕೊಡ್ಲಪ್ಪಾ? ನನ್ನ ಕಿವಿ ಮೇಲೆ ನಿಂಗೆ ದೂರು ಕೊಡ್ಬೇಕಿತ್ತಾ?"

ಪಾಲಕ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಆ ದಿನವೇ ತನ್ನ ಬದಲಾವಣೆಯನ್ನು ಹಿಂತೆಗೆದ. ಕರ್ನಲಿನಲ್ಲಿ ಅದು ಕಷ್ಟದ ಕೆಲಸವಲ್ಲ. ಪ್ರತಿ ಬದಲಾವಣೆಯನ್ನೂ ಬೇರೆ ಬೇರೆಯಾಗಿ, ಕಾರಣ ಬರೆದು ಇಟ್ಟಿರುತ್ತೇವೆ. ಒಂದನ್ನು ಕಿತ್ತರೆ ಉಳಿದವು ಅಲುಗುವುದಿಲ್ಲ. ತಿದ್ದಿದ ಕರ್ನಲ್ ಮತ್ತೆ ಊರೂರಿಗೆ ಹೋಯಿತು. ಬ್ಯಾಟರಿ ಮೊದಲಿನಂತೆ ಬೇಗ ಮುಗಿಯತೊಡಗಿತು. ಅದಕ್ಕೆ ಮಾತ್ರ ಮರುದಿನವೇ ದೂರುಗಳು ಸಾಲುಗಟ್ಟಿ ಬಂದವು. ಕೆಲವರು ಪಾಲಕನನ್ನು ಬೈದರು. ಅವನು ಬೈಸಿಕೊಂಡ.

ಆಕೆ ಪ್ರಕಾಶಕನಿಗೆ ಹೇಳಿಕಳಿಸಿದಳು. ನಿಘಂಟು ಆಗಲೇ ಬೇರೆಯವರ ಕೈಯಲ್ಲಿ ತಿದ್ದಿಸಿಕೊಂಡು ಅಚ್ಚಾಗಿತ್ತು. ಅದರಲ್ಲಿ ತಪ್ಪುಗಳಿದ್ದವಂತೆ. ಮುಂದಿನ ಪುಸ್ತಕ ಕೊಡುತ್ತೇನೆ ಎಂದು ಅವನು ಒಪ್ಪಿಕೊಂಡ, ಕೊಟ್ಟ. ಆಕೆ ಮತ್ತೆ ಕರಡು ಹಿಡಿದಳು. ಸಂಜೆ ತಂಗಿಗೆ ತಾನೇ ಫೋನ್ ಮಾಡಿದಳು. ತಂಗಿ ಎತ್ತಲಿಲ್ಲ. ಮರುದಿನ ಸಂಜೆಯೂ ಮಾಡಿದಳು. ಆಮೇಲೂ ಮಾಡುತ್ತಲೇ ಇದ್ದಳು.

ಗುರು ಕತೆ ನಿಲ್ಲಿಸಿದರು.

"ಕೊನೆಗೆ ತಂಗಿ ಎತ್ತಿದಳೇ?" ಎಂದು ಶಿಷ್ಯ ಕೇಳಿದ.

"ಅದು ಅಕ್ಕತಂಗಿಯರ ವಿಷಯ. ಕರ್ನಲಿನವರಿಗೆ ಯಾರು ಬಂದು ಹೇಳುತ್ತಾರೆ?" ಎಂದರು ಗುರು.

ಶಿಷ್ಯ ಯೋಚಿಸಿದ. ಅವನ ಸಿಟ್ಟು ಇಳಿದಿತ್ತು. ಆ ಹೆಂಗಸಿನ ಬಗ್ಗೆ ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಪಾಲಕನ ಜಾಗದಲ್ಲಿ ತಾನು ನಿಲ್ಲಬಾರದು ಎಂದು ಮನಸ್ಸಿನಲ್ಲೇ ನಿರ್ಧರಿಸಿದ.

"ಆಯಿತು ಗುರುಗಳೇ. ಆತುರಗಾರನಿಗೆ ಬುದ್ಧಿ ಮಟ್ಟ. ಈ ಆವೃತ್ತಿ ತಪ್ಪಿದರೆ ತಪ್ಪಲಿ, ನನ್ನ ಬದಲಾವಣೆ ಪ್ರಯೋಗದ ಶಾಖೆಯಲ್ಲೇ ಇರಲಿ. ಇನ್ನೂ ಎಷ್ಟು ಕಾಲ ಕಾಯಬೇಕು, ಹೇಳಿ. ಕಾಯುತ್ತೇನೆ."

ಗುರು ಅವನ ಮುಖ ನೋಡಿದರು.

"ಕಾಯುವುದಿರಲಿ, ನೀನು ಇದುವರೆಗೆ ಯಾರ ಮನೆಗೆ ಹೋಗಿ ಕೇಳಿದೆ?"